ಡಿಸ್ಕ್ ಗಾಡಿಯ ಹ್ಯಾಂಡ್ ಬ್ರೇಕ್: ಕೊನೆಗೂ ಹಿಡಿಯಿತು

ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕ್ ಇದ್ದರೆ ಹ್ಯಾಂಡ್ ಬ್ರೇಕ್ ಹಿಡಿಯೋದೇ ಅಷ್ಟು ಅಂತ ಬಳ್ಳಾರಿಯಲ್ಲಿ ಹಳೇ ಮೇಸ್ತ್ರಿಗಳೇ ನನಗೆ ಹೇಳಿದ್ದರು. ಈಗ ಸಂಡೂರಿನ ಗಿರಾಕಿಯ ಗಾಡಿ ಐದು ಜನ ಕೂತರೂ ಕುಮಾರಸ್ವಾಮಿ ಬೆಟ್ಟದ ಇಳಿಜಾರಲ್ಲಿ ಅಲ್ಲಾಡದೆ ನಿಲ್ಲುತ್ತದೆ.

ಬಂದಾಗ ಲಿವರ್ ಹನ್ನೊಂದು ಕ್ಲಿಕ್ ಎದ್ದರೂ ಗಾಡಿ ಜಾರುತ್ತಿತ್ತು. ಎಲ್ಲರ ಹಾಗೆ ಕೇಬಲ್ ಬಿಗಿ ಮಾಡಿ ಕಳಿಸಿದೆ. ಎರಡೇ ದಿನಕ್ಕೆ ವಾಪಸ್. ಹೊಸ ಕೇಬಲ್‌ಗೆ ಸುಮಾರು 2,400 ಹೋಯಿತು, ಒಳಗಿಂದ ಡ್ರಮ್ಮಿಗೆ ಒತ್ತಿ ಹಿಡಿಯುವ ಹೊಸ ಶೂಗಳಿಗೆ 1,800ರ ಹತ್ತಿರ. ಆಗಲೂ ಹಿಡಿಯಲಿಲ್ಲ. "ಅಣ್ಣಾ, ನಾನು ಕಲ್ಲು ಇಟ್ಕೊಂಡೇ ಓಡಾಡ್ಬೇಕಾ?" ಅಂದ. ಆ ದುಡ್ಡು ನಾನು ಕೇಳಲಿಲ್ಲ.

ಒಂದು ರಾತ್ರಿ ಶೂ ಮೇಲೆ ಸೀಮೆಸುಣ್ಣ ಬಳಿದು, ಲಿವರ್ ಸ್ವಲ್ಪ ಎಳೆದು, ಡಿಸ್ಕ್ ತಿರುಗಿಸಿ ಬಿಚ್ಚಿದೆ. ಸುಣ್ಣ ಬೆರಳಗಲ ಮಾತ್ರ ಉಜ್ಜಿತ್ತು, ಅಂದರೆ ಶೂ ಅಷ್ಟೇ ತಾಗುತ್ತಿತ್ತು! ಈ ಗಾಡಿಯಲ್ಲಿ ಡಿಸ್ಕಿನ ನಡುವಿನ ಉಬ್ಬಿನೊಳಗೆ ಪುಟ್ಟ ಡ್ರಮ್ ಇದೆ. ಕಾಲಿನ ಬ್ರೇಕಿಗೆ ಡಿಸ್ಕನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಕ್ಯಾಲಿಪರ್ ಬೇರೆ. ಹಾಗಾಗಿ ಒಳಗಿನ ಶೂ ಓಡುವಾಗ ಸವೆಯೋದೇ ಇಲ್ಲ, ಸವೆಯದೆ ಡ್ರಮ್ಮಿಗೆ ಸರಿಯಾಗಿ ಕೂರೋದೂ ಇಲ್ಲ. ಮೇಲೆ ತುಕ್ಕು, ನಮ್ಮ ಅದಿರು ರಸ್ತೆಯ ಕೆಂಪು ಧೂಳು.

ಎಮರಿ ಪೇಪರಲ್ಲಿ ಒಳಗಿನ ತುಕ್ಕು ತೆಗೆದೆ. ಕೇಬಲ್ ಪೂರ್ತಿ ಸಡಿಲ ಬಿಟ್ಟು, ಡಿಸ್ಕಿನ ತೂತಿನಿಂದ ಶೂ ಅಗಲಿಸುವ ಅಡ್ಜಸ್ಟರ್ ತಿರುಗಿಸಿ ಡಿಸ್ಕ್ ಲಾಕ್ ಆದ ಮೇಲೆ ಸ್ವಲ್ಪ ಹಿಂದೆ ಬಿಟ್ಟೆ. ಕೇಬಲ್ ಕೊನೆಗೆ. ಇಲ್ಲೇ ಎಲ್ಲರೂ ತಪ್ಪುವುದು, ಮೊದಲು ಕೇಬಲ್ ಮುಟ್ಟುತ್ತಾರೆ. ಆಮೇಲೆ ಖಾಲಿ ರಸ್ತೆಯಲ್ಲಿ ಲಿವರ್ ಚೂರು ಎಳೆದುಕೊಂಡೇ ನಿಧಾನಕ್ಕೆ ಒಂದಷ್ಟು ದೂರ ಓಡಿಸಿದೆ. ಆರಲು ಬಿಟ್ಟು ಮತ್ತೆ ಓಡಿಸಿದೆ. ಎಷ್ಟು ಕ್ಲಿಕ್, ಎಷ್ಟು ಸಲ ಅನ್ನೋದು ನನ್ನ ಹತ್ತಿರವೇ ಇರಲಿ. ಈಗ ಲಿವರ್ ಐದೇ ಕ್ಲಿಕ್ಕಿಗೆ ಹಿಡಿಯುತ್ತದೆ.

ಕ್ಯಾಲಿಪರೇ ಹ್ಯಾಂಡ್ ಬ್ರೇಕ್ ಆಗಿರುವ ಗಾಡಿಗಳ ಕಥೆ ಬೇರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಪ್ಯಾಡ್ ಬದಲಿಸುವಾಗ ಪಿಸ್ಟನ್ ತಿರುಗಿಸುತ್ತಾ ಒಳಗೆ ತಳ್ಳಬೇಕು. ಒಮ್ಮೆ ಕ್ಲ್ಯಾಂಪ್ ಹಾಕಿ ಒತ್ತಿ ಒಳಗಿನ ಸ್ಕ್ರೂ ಹಾಳು ಮಾಡಿದೆ, 6,000 ಕೈಬಿಟ್ಟಿತು. ಅಂಥ ಒಂದು ಗಾಡಿಯನ್ನು ಘಾಟಿ ಇಳಿದ ತಕ್ಷಣ, ಹಿಂದಿನ ಚಕ್ರಕ್ಕೆ ಸ್ವಲ್ಪ ಜಾಗ ಬಿಟ್ಟು ಕಲ್ಲು ಇಟ್ಟು, ನಾಲ್ಕು ಕ್ಲಿಕ್ ಎಳೆದು ಇಳಿಜಾರಲ್ಲಿ ನಿಲ್ಲಿಸಿ ನೋಡಿದೆ. ಅರ್ಧ ಗಂಟೆಗೆ ಸರಿದು ಕಲ್ಲಿಗೆ ತಾಗಿತು. ಇಳಿಯುವಾಗ ಬಿಸಿಯಾದ ಡಿಸ್ಕ್ ಆರಿದರೆ ತೆಳುವಾಗಿ ಹಿಡಿತ ಸಡಿಲ. ಡ್ರಮ್ ಆರಿದರೆ ಕುಗ್ಗಿ ಶೂ ಮೇಲೆ ಇನ್ನೂ ಬಿಗಿ ಕೂರುತ್ತದೆ. ಅದಕ್ಕೇ ಕ್ಯಾಲಿಪರೇ ಹ್ಯಾಂಡ್ ಬ್ರೇಕ್ ಆಗಿರುವ ಗಾಡಿಯವರಿಗೆ ಬಿಸಿಯಲ್ಲಿ ನಿಲ್ಲಿಸಿದರೆ ಎರಡು ಕ್ಲಿಕ್ ಜಾಸ್ತಿ ಎಳೆದು ಗೇರಲ್ಲಿ ಬಿಡಿ ಅಂತ ಹೇಳಿಯೇ ಕಳಿಸುತ್ತೇನೆ.