ಅಮೆರಿಕದಲ್ಲಿ ಸ್ಪ್ಯಾನಿಷ್ ಬಲ್ಲ ಪ್ರೊಬೇಷನ್ ಮತ್ತು ಪೆರೋಲ್ ಅಧಿಕಾರಿಯಾಗಿ ದುಡಿಯುವ ಬಗೆ

ನಮ್ಮ ಪತ್ರಿಕೆಗಳಲ್ಲಿ ಪೆರೋಲ್ ಎಂದರೆ ಮಗಳ ಮದುವೆಗೋ ತಾಯಿಯ ಅಂತ್ಯಕ್ರಿಯೆಗೋ ಕೈದಿಗೆ ದೊರೆಯುವ ಕೆಲವು ದಿನಗಳ ಬಿಡುವು. ಅಮೆರಿಕದಲ್ಲಿ ಹಾಗಲ್ಲ. ಶಿಕ್ಷೆಯ ಒಂದು ಭಾಗವನ್ನು ಸೆರೆಮನೆಯಲ್ಲಿ ಕಳೆದವರು ಉಳಿದ ಅವಧಿಯನ್ನು ಷರತ್ತುಗಳಿಗೆ ಒಳಪಟ್ಟು ಹೊರಗೆ ಕಳೆಯುವುದು ಅಲ್ಲಿನ ಪೆರೋಲ್. ಸೆರೆಮನೆಗೆ ಕಳುಹಿಸುವ ಬದಲು ನ್ಯಾಯಾಲಯವೇ ಷರತ್ತು ವಿಧಿಸಿ ಸಮಾಜದಲ್ಲಿ ಉಳಿಯಲು ಬಿಡುವುದು ಪ್ರೊಬೇಷನ್. 1841ರಲ್ಲಿ ಬಾಸ್ಟನ್ನಿನ ಪಾದರಕ್ಷೆ ತಯಾರಕ ಜಾನ್ ಆಗಸ್ಟಸ್ ಒಬ್ಬ ಕುಡುಕನಿಗೆ ತಾನೇ ಜಾಮೀನು ನಿಂತು ಆರಂಭಿಸಿದ ಈ ಪದ್ಧತಿಗೆ ಮ್ಯಾಸಚೂಸೆಟ್ಸ್ ರಾಜ್ಯ 1878ರಲ್ಲಿ ಕಾನೂನಿನ ರೂಪ ಕೊಟ್ಟಿತು. ಎರಡರಲ್ಲೂ ಷರತ್ತುಗಳ ಪಾಲನೆಯನ್ನು ನೋಡಿಕೊಳ್ಳುವವರೇ ಈ ಅಧಿಕಾರಿಗಳು. 2022ರ ಕೊನೆಯಲ್ಲಿ ಈ ಎರಡೂ ಬಗೆಯ ಮೇಲ್ವಿಚಾರಣೆಯಲ್ಲಿ ಒಟ್ಟು ಸುಮಾರು 37 ಲಕ್ಷ ಜನರಿದ್ದರು. ಮನೆಯಲ್ಲಿ ಸ್ಪ್ಯಾನಿಷ್ ಆಡುವವರು 4 ಕೋಟಿ ಮೀರಿರುವ ದೇಶದಲ್ಲಿ ಆ ಭಾಷೆ ಬಲ್ಲ ಅಧಿಕಾರಿಗಳಿಗೆ ಬೇಡಿಕೆ ಇರುವುದು ಸಹಜ. ಅಲ್ಲಿಯೇ ಬೆಳೆದು ಶಾಲೆಯಲ್ಲಿ ಸ್ಪ್ಯಾನಿಷ್ ಕಲಿತ ಕನ್ನಡ ಮನೆಗಳ ಯುವಕ ಯುವತಿಯರಿಗೂ ಇದು ಪರಿಶೀಲಿಸಲು ತಕ್ಕ ದಾರಿಯೇ. ಆದರೆ ಉದ್ಯೋಗ ವೀಸಾದ ಮೇಲೆ ಇರುವವರಿಗೆ ಅದು ಬಹುಮಟ್ಟಿಗೆ ಮುಚ್ಚಿದೆ.

ಅರ್ಜಿ ಹಾಕುವ ಮೊದಲು ಯಾವ ಸರ್ಕಾರ ಈ ಕೆಲಸವನ್ನು ನಡೆಸುತ್ತದೆ ಎಂಬುದನ್ನು ತಿಳಿಯಬೇಕು, ಏಕೆಂದರೆ ಅದು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತದೆ. ವಿಸ್ಕಾನ್ಸಿನ್‌ನಲ್ಲಿ ರಾಜ್ಯದ ಬಂದೀಖಾನೆ ಇಲಾಖೆಯ ಒಬ್ಬನೇ ಏಜೆಂಟ್ ಎರಡೂ ಬಗೆಯ ಜನರನ್ನು ನೋಡಿಕೊಳ್ಳುತ್ತಾನೆ. ನ್ಯೂಯಾರ್ಕ್ ಮತ್ತು ಕ್ಯಾಲಿಫೋರ್ನಿಯಾಗಳಲ್ಲಿ ಪ್ರೊಬೇಷನ್ ಸ್ಥಳೀಯ ಆಡಳಿತದ ಕೈಯಲ್ಲಿದ್ದರೆ ಪೆರೋಲ್ ರಾಜ್ಯದ ಕೈಯಲ್ಲಿದೆ. ನ್ಯೂಯಾರ್ಕಿನ ಸಿವಿಲ್ ಸೇವೆಯಲ್ಲಿ ಸ್ಪ್ಯಾನಿಷ್ ಬಲ್ಲ ಅಧಿಕಾರಿ ಎಂಬುದೇ ಪ್ರತ್ಯೇಕ ಹುದ್ದೆ. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ವ್ಯವಸ್ಥೆ 1984ರ ಕಾಯ್ದೆಯಿಂದ ಪೆರೋಲನ್ನೇ ಕೈಬಿಟ್ಟು, 1987ರ ನವೆಂಬರ್‌ನಿಂದಾಚೆಗಿನ ಅಪರಾಧಗಳಿಗೆ ಬಿಡುಗಡೆಯ ನಂತರದ ಮೇಲ್ವಿಚಾರಣೆಯನ್ನು ತಂದಿದೆ. ಅಲ್ಲಿ ಮೊದಲ ಬಾರಿ ಸೇರುವವರಿಗೆ 37 ವರ್ಷ ತುಂಬಿರಬಾರದು. ಪದವಿ, ಹಿನ್ನೆಲೆ ತಪಾಸಣೆ, ವೈದ್ಯಕೀಯ ಪರೀಕ್ಷೆಗಳನ್ನು ಸಾಮಾನ್ಯವಾಗಿ ಎಲ್ಲೆಡೆ ಕೇಳುತ್ತಾರೆ. ಬಂದೂಕು ಧರಿಸಬೇಕೇ ಇಲ್ಲವೇ ಎಂಬುದು ಇಲಾಖೆಗೆ ಬಿಟ್ಟ ವಿಷಯವಾದ್ದರಿಂದ ಅದನ್ನು ಮೊದಲೇ ವಿಚಾರಿಸಿಕೊಳ್ಳುವುದು ಲೇಸು.

ಭಾಷಾ ಪರೀಕ್ಷೆಯನ್ನು ಹಗುರವಾಗಿ ಎಣಿಸಬಾರದು. ಅದು ಬಹುತೇಕ ಮೌಖಿಕ ಪರೀಕ್ಷೆಯಾದರೂ ಮಾರುಕಟ್ಟೆಯ ಮಾತುಕತೆ ಅಲ್ಲಿ ಸಾಲದು. ನ್ಯಾಯಾಲಯದ ಆದೇಶವನ್ನು, ಮೂತ್ರ ಪರೀಕ್ಷೆಯ ಕ್ರಮವನ್ನು, ಅಪರಾಧಕ್ಕೆ ಈಡಾದವರಿಗೆ ಕಟ್ಟಬೇಕಾದ ಪರಿಹಾರದ ಹಣದ ಲೆಕ್ಕವನ್ನು ಆರನೇ ತರಗತಿಗೆ ಓದು ಬಿಟ್ಟ ಕೂಲಿಕಾರನಿಗೆ ತಿಳಿಯುವಂತೆ ಹೇಳಬೇಕಾಗುತ್ತದೆ. ತರಗತಿಯಲ್ಲಿ ಕಲಿತವರಿಗೆ ಮೆಕ್ಸಿಕೋ, ಎಲ್ ಸಾಲ್ವಡಾರ್, ಪೋರ್ಟೊ ರಿಕೋ, ಡೊಮಿನಿಕನ್ ಗಣರಾಜ್ಯಗಳ ಆಡುಮಾತಿನ ವೇಗ ಹಿಡಿಯುವುದಿಲ್ಲ. ಮನೆಯಲ್ಲಿ ಕಲಿತವರಿಗೆ ಕಾನೂನಿನ ಶಬ್ದಗಳು ಬಾಯಿಗೆ ಬರುವುದಿಲ್ಲ. ನಿಮ್ಮ ಕೊರತೆ ಯಾವುದೆಂದು ಗುರುತಿಸಿ ಅದನ್ನಷ್ಟೇ ಅಭ್ಯಾಸ ಮಾಡಿದರೆ ಸಾಕು.

ಮೊದಲ ಭೇಟಿಯೇ ಈ ಕೆಲಸದ ಅತ್ಯಂತ ಮುಖ್ಯ ಘಟ್ಟ. ತಿಂಗಳುಗಟ್ಟಲೆ ಅರ್ಥವಾಗದ ಇಂಗ್ಲಿಷಿನ ನಡುವೆ ನಿಂತು ಬಂದ ವ್ಯಕ್ತಿ ತನ್ನ ಭಾಷೆ ಕಿವಿಗೆ ಬಿದ್ದೊಡನೆ ಮನಸ್ಸು ಬಿಚ್ಚುತ್ತಾನೆ, ಅಧಿಕಾರಿಯನ್ನು ತನ್ನ ಕಡೆಯವನೆಂದೇ ತಿಳಿಯುತ್ತಾನೆ. ಈ ನಂಬಿಕೆ ಕೆಲಸಕ್ಕೆ ಅನುಕೂಲವೆಂದು ಹೊಸಬರು ಹಿಗ್ಗುತ್ತಾರೆ. ನನ್ನ ದೃಷ್ಟಿಯಲ್ಲಿ ಎಚ್ಚರ ವಹಿಸಬೇಕಾದದ್ದೇ ಇಲ್ಲಿ. 1984ರ ಮಿನೆಸೋಟ ವಿರುದ್ಧ ಮರ್ಫಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದಂತೆ, ಕಚೇರಿಯ ಮಾಮೂಲು ಭೇಟಿಯಲ್ಲಿ ಅಧಿಕಾರಿ ಪೊಲೀಸರಂತೆ ಮೌನದ ಹಕ್ಕನ್ನು ಓದಿ ಹೇಳಬೇಕಾಗಿಲ್ಲ, ಮತ್ತು ಆ ಹಕ್ಕನ್ನು ತಾನಾಗಿ ಕೇಳದೆ ವ್ಯಕ್ತಿ ಒಪ್ಪಿಕೊಂಡದ್ದು ಅವನ ವಿರುದ್ಧವೇ ಸಾಕ್ಷ್ಯವಾಗಬಹುದು. ಆದ್ದರಿಂದ ಬೇರೆ ಯಾವ ಪ್ರಶ್ನೆಗೂ ಮೊದಲು, ನಾನು ನಿಮ್ಮ ವಕೀಲನಲ್ಲ, ಇಲ್ಲಿ ಹೇಳಿದ್ದು ನ್ಯಾಯಾಧೀಶರಿಗೆ ಅಥವಾ ಪೆರೋಲ್ ಮಂಡಳಿಗೆ ತಲುಪಬಹುದು, ಹೊಸ ಅಪರಾಧದ ವಿಷಯವಿದ್ದರೆ ವಕೀಲರನ್ನು ಕೇಳಿಕೊಳ್ಳಿ ಎಂಬುದನ್ನು ಸರಳ ಸ್ಪ್ಯಾನಿಷ್‌ನಲ್ಲಿ ತಿಳಿಸಬೇಕು. ಸಂಬೋಧನೆಯಲ್ಲಿ ‘ಉಸ್ತೆದ್’ ಎಂಬ ಗೌರವ ರೂಪವನ್ನೇ ಬಳಸಬೇಕು. ನೀನು, ನೀವುಗಳ ನಡುವಿನ ದೂರವನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಷರತ್ತುಗಳನ್ನು ಓದಿ ಹೇಳಿ ಸಹಿ ಹಾಕಿಸಿಕೊಂಡರೆ ಮುಗಿಯಲಿಲ್ಲ. ‘ಅರ್ಥವಾಯಿತೇ’ ಎಂದು ಕೇಳಿದರೆ ಎಲ್ಲರೂ ‘ಸೀ’ ಎಂದೇ ತಲೆಯಾಡಿಸುತ್ತಾರೆ. ಅದರ ಬದಲು, ಬೇರೆ ಊರಿನಲ್ಲಿ ಎರಡು ವಾರದ ಕೆಲಸ ಸಿಕ್ಕಿದರೆ ನೀವು ಮೊದಲು ಏನು ಮಾಡುತ್ತೀರಿ ಎಂದು ಕೇಳಿ, ಅವರ ಬಾಯಿಂದಲೇ ಉತ್ತರ ಪಡೆಯಬೇಕು. ಭೇಟಿಯ ದಿನವನ್ನು ಅಂಕಿಯಲ್ಲಿ ಮಾತ್ರ ಬರೆದುಕೊಡುವುದು ಅಪಾಯಕಾರಿ: ಅಮೆರಿಕದ ಕಚೇರಿ 5/8 ಎಂದು ಬರೆದರೆ ಮೇ 8, ಲ್ಯಾಟಿನ್ ಅಮೆರಿಕದವರು ನಮ್ಮಂತೆಯೇ ಅದನ್ನು ಆಗಸ್ಟ್ 5 ಎಂದು ಓದುತ್ತಾರೆ, ಮೇ 8ರಂದು ಗೈರುಹಾಜರಾಗುತ್ತಾರೆ. ತಂದೆಯ ಮತ್ತು ತಾಯಿಯ ಎರಡು ಮನೆತನದ ಹೆಸರುಗಳನ್ನು ಹೊತ್ತವರ ದಾಖಲೆ ಒಂದು ಕಡೆ ಮೊದಲನೆಯದರಲ್ಲಿ, ಇನ್ನೊಂದು ಕಡೆ ಎರಡನೆಯದರಲ್ಲಿ ಸೇರಿಕೊಂಡು, ಬೇರೆಯವರ ವಾರಂಟು ಇವರ ತಲೆಗೆ ಬರುವ ಸಂಭವವೂ ಇದೆ. ಎರಡೂ ಹೆಸರುಗಳಲ್ಲಿ ಹುಡುಕಿ, ಬೆರಳಚ್ಚಿನ ಸಂಖ್ಯೆಯೊಂದಿಗೆ ತಾಳೆ ನೋಡಬೇಕು.

ಪೆರೋಲ್ ಎಂಬ ಪದವೇ ಇಲ್ಲಿ ಗೊಂದಲ ಹುಟ್ಟಿಸುತ್ತದೆ. ವಲಸೆ ಕಾನೂನಿನಲ್ಲಿ ಅದೇ ಹೆಸರಿನ ತಾತ್ಕಾಲಿಕ ಪ್ರವೇಶಾನುಮತಿ ಇರುವುದರಿಂದ, ಕ್ಯೂಬಾದಿಂದಲೋ ವೆನೆಜುವೆಲಾದಿಂದಲೋ ಬಂದವರು ‘ನನಗೆ ಪೆರೋಲ್ ಇದೆ’ ಎಂದರೆ ಅವರು ಸೆರೆಮನೆಯಿಂದ ಬಂದವರೆಂದು ಬರೆದುಕೊಳ್ಳಬಾರದು. ಇನ್ನೊಂದು ಸಂಗತಿಯನ್ನು ಕಚೇರಿಗಳು ಪದೇ ಪದೇ ಮರೆಯುತ್ತವೆ: ಗ್ವಾಟೆಮಾಲಾದ ಮಾಮ್ ಮತ್ತು ಕಿಚೆ, ಮೆಕ್ಸಿಕೋದ ಓಹಾಕಾ ಕಡೆಯ ಮಿಸ್ಟೆಕ್ ಭಾಷಿಕರಿಗೆ ಸ್ಪ್ಯಾನಿಷ್ ಎರಡನೆಯ ಭಾಷೆ, ಕೆಲವರಿಗೆ ಅರೆಬರೆ ಭಾಷೆ. ಉತ್ತರಗಳು ತೀರ ಚಿಕ್ಕವಾಗಿ, ಎಲ್ಲದಕ್ಕೂ ಒಪ್ಪಿಗೆಯಾಗಿ ಬರುತ್ತಿದ್ದರೆ ಮನೆಮಾತು ಯಾವುದೆಂದು ಕೇಳಿ, ಆ ಭಾಷೆಯ ದುಭಾಷಿಯನ್ನು ತರಿಸಬೇಕು. ನೀವು ಸ್ಪ್ಯಾನಿಷ್ ಬಲ್ಲಿರೆಂಬುದು ಇವರಿಗೆ ಇಂಗ್ಲಿಷಿನಷ್ಟೇ ನಿರುಪಯೋಗಿ.

ಮನೆ ಭೇಟಿಗೆ ಹೋದಾಗ ಬಾಗಿಲು ತೆರೆಯುವವರು ಬಹುಮಟ್ಟಿಗೆ ಅಜ್ಜಿಯೋ ಮಗುವೋ ಆಗಿರುತ್ತಾರೆ. ನಮ್ಮೂರ ಮನೆಗಳಲ್ಲಿ ಕಾಫಿ ಬೇಡವೆಂದರೆ ಬೇಸರಿಸುವಂತೆಯೇ ಅಲ್ಲೂ ಬೇಸರವಾಗಬಹುದು. ತಿನ್ನಲು ಕುಡಿಯಲು ಸ್ವೀಕರಿಸುವ ಬಗೆಗಿನ ಇಲಾಖೆಯ ನಿಯಮವನ್ನು ನಗುತ್ತಲೇ ಮೊದಲ ದಿನವೇ ಹೇಳಿಬಿಟ್ಟರೆ ಮುಂದೆ ಮುಜುಗರವಿಲ್ಲ. ಮನೆಯವರಲ್ಲಿ ಇಂಗ್ಲಿಷ್ ಬಲ್ಲದ್ದು ಮಗುವೊಂದೇ ಆಗಿರುವುದುಂಟು, ಮತ್ತು ಇತರ ಅಧಿಕಾರಿಗಳು ಅದರಿಂದಲೇ ಮಾತನ್ನು ಅನುವಾದ ಮಾಡಿಸಿರುತ್ತಾರೆ. ಸ್ಪ್ಯಾನಿಷ್ ಬಲ್ಲ ನೀವು ಹೋಗತೊಡಗಿದ ಮೇಲೆ ಅದು ನಿಲ್ಲಬೇಕು. ಕೌಟುಂಬಿಕ ಹಿಂಸೆಯ ಪ್ರಕರಣಗಳಲ್ಲಂತೂ ಪತ್ನಿಯ ಮಾತನ್ನು ಪತಿಯಿಂದ ದೂರ ಪ್ರತ್ಯೇಕವಾಗಿಯೇ ಕೇಳಬೇಕು. 1987ರ ಗ್ರಿಫಿನ್ ವಿರುದ್ಧ ವಿಸ್ಕಾನ್ಸಿನ್ ತೀರ್ಪಿನ ಪ್ರಕಾರ, ನಿಯಮಾವಳಿಯಂತೆ ಸಕಾರಣವಿದ್ದರೆ ಪ್ರೊಬೇಷನ್‌ನಲ್ಲಿರುವವರ ಮನೆಯನ್ನು ವಾರಂಟಿಲ್ಲದೆ ಶೋಧಿಸಬಹುದು. ಕುಟುಂಬದ ಇತರರಿಗೆ ಇದು ತಿಳಿದಿರುವುದಿಲ್ಲವಾದ್ದರಿಂದ ಶೋಧನೆ ಏನು, ಎಲ್ಲಿಯವರೆಗೆ ಎಂಬುದನ್ನು ಅವರಿಗೂ ವಿವರಿಸಬೇಕು.

ಸಂಭಾಷಣೆ ಸ್ಪ್ಯಾನಿಷ್‌ನಲ್ಲಿ, ವರದಿ ಇಂಗ್ಲಿಷಿನಲ್ಲಿ. ಷರತ್ತಿನ ಉಲ್ಲಂಘನೆಗೆ ಆಧಾರವಾಗುವ ಮಾತನ್ನು ಮೂಲ ಸ್ಪ್ಯಾನಿಷ್‌ನಲ್ಲಿಯೇ ಬರೆದು ಪಕ್ಕದಲ್ಲಿ ಇಂಗ್ಲಿಷ್ ಅರ್ಥ ಕೊಡಬೇಕು. ಸ್ಪ್ಯಾನಿಷ್‌ನ ‘ಮೊಲೆಸ್ತಾರ್’ ಎಂದರೆ ತೊಂದರೆ ಕೊಡುವುದಷ್ಟೇ. ಇಂಗ್ಲಿಷಿನ ‘ಮೊಲೆಸ್ಟ್’ ಲೈಂಗಿಕ ಕಿರುಕುಳ. ಆತುರದ ಒಂದು ವಾಕ್ಯ ಮನುಷ್ಯನನ್ನು ಮರಳಿ ಸೆರೆಮನೆಗೆ ನೂಕಬಲ್ಲದು. 1972ರ ಮಾರಿಸ್ಸಿ ವಿರುದ್ಧ ಬ್ರೂವರ್ ತೀರ್ಪು ಪೆರೋಲ್ ರದ್ದುಪಡಿಸುವ ಮೊದಲು ಲಿಖಿತ ನೋಟಿಸ್ ಮತ್ತು ಎರಡು ಹಂತದ ವಿಚಾರಣೆಯನ್ನು ಕಡ್ಡಾಯಗೊಳಿಸಿತು. ಮರುವರ್ಷ ಗ್ಯಾಗ್ನನ್ ವಿರುದ್ಧ ಸ್ಕಾರ್ಪೆಲ್ಲಿ ತೀರ್ಪು ಅದನ್ನು ಪ್ರೊಬೇಷನ್‌ಗೂ ವಿಸ್ತರಿಸಿತು. ಆ ವಿಚಾರಣೆಯಲ್ಲಿ ದುಭಾಷಿ ಬರಲು ತಡವಾದಾಗ ‘ನೀವೇ ಹೇಳಿಬಿಡಿ’ ಎಂಬ ಸೂಚನೆ ಬರುವುದುಂಟು. ವಿನಯದಿಂದ ನಿರಾಕರಿಸಿ. ಆರೋಪ ತಂದವರೇ ಆರೋಪಿಯ ಬಾಯಿಯಾಗಲು ಬರುವುದಿಲ್ಲ.

ದಂಡ ಅಥವಾ ಪರಿಹಾರದ ಹಣ ಕಟ್ಟದವರ ಬಗ್ಗೆ ವರದಿ ಬರೆಯುವಾಗ 1983ರ ಬೇರ್ಡನ್ ವಿರುದ್ಧ ಜಾರ್ಜಿಯಾ ತೀರ್ಪನ್ನು ನೆನೆಯಬೇಕು: ಕಟ್ಟಲು ಮನಸ್ಸಿಲ್ಲವೋ ಶಕ್ತಿಯಿಲ್ಲವೋ ಎಂದು ವಿಚಾರಿಸದೆ ಪ್ರೊಬೇಷನ್ ರದ್ದುಮಾಡುವಂತಿಲ್ಲ. ಸುಗ್ಗಿಯ ಕೆಲಸ ಹುಡುಕಿಕೊಂಡು ತೋಟದಿಂದ ತೋಟಕ್ಕೆ ಅಲೆಯುವವರ ಆದಾಯದ ರಸೀದಿಗಳನ್ನು ತಿಂಗಳು ತಿಂಗಳು ಕೇಳಿ ಇಟ್ಟುಕೊಂಡರೆ ಆ ಪ್ರಶ್ನೆಗೆ ಉತ್ತರ ಕೈಯಲ್ಲೇ ಇರುತ್ತದೆ.

ವಲಸೆಯ ಪ್ರಶ್ನೆಗಳು ಪ್ರತಿದಿನ ಬರುತ್ತವೆ. ಗಡೀಪಾರಾಗುತ್ತದೆಯೇ, ಈ ಪ್ರಮಾಣಪತ್ರಕ್ಕೆ ಸಹಿ ಹಾಕಲೇ ಎಂದು ಕೇಳಿದಾಗ ಅಂದಾಜಿನ ಉತ್ತರ ಕೊಡಬಾರದು; ಅದು ವಲಸೆ ವಕೀಲರ ಕೆಲಸ, ಉಚಿತ ನೆರವಿನ ಸಂಸ್ಥೆಗಳ ಪಟ್ಟಿಯನ್ನು ಸ್ಪ್ಯಾನಿಷ್‌ನಲ್ಲಿಯೇ ಕೈಗೆ ಕೊಡುವುದು ನಿಮ್ಮದು. ಫೆಡರಲ್ ವಲಸೆ ಅಧಿಕಾರಿಗಳೊಂದಿಗೆ ಎಷ್ಟು ಸಹಕರಿಸಬೇಕು ಎಂಬುದನ್ನು ಕ್ಯಾಲಿಫೋರ್ನಿಯಾದ 2017ರ ಕಾಯ್ದೆ ಮಿತಿಗೊಳಿಸಿದೆ, ಬೇರೆ ಕೆಲವು ರಾಜ್ಯಗಳು ಸಹಕಾರವನ್ನೇ ವಿಧಿಸುತ್ತವೆ. ನಿಮ್ಮ ರಾಜ್ಯದ ನಿಯಮವನ್ನು ಲಿಖಿತವಾಗಿ ಪಡೆದಿಟ್ಟುಕೊಳ್ಳಿ. ಭಾಷಾ ನೆರವಿನ ಕುರಿತ 2000ದ ಅಧ್ಯಕ್ಷೀಯ ಆದೇಶವನ್ನು 2025ರ ಮಾರ್ಚ್‌ನಲ್ಲಿ ಹಿಂತೆಗೆದುಕೊಂಡರೂ, ಫೆಡರಲ್ ಅನುದಾನ ಪಡೆಯುವ ಸಂಸ್ಥೆಗಳಲ್ಲಿ ರಾಷ್ಟ್ರೀಯ ಮೂಲದ ಆಧಾರದ ತಾರತಮ್ಯವನ್ನು ನಿಷೇಧಿಸುವ 1964ರ ನಾಗರಿಕ ಹಕ್ಕುಗಳ ಕಾಯ್ದೆ ಜಾರಿಯಲ್ಲಿದೆ.

ಇನ್ನು ಕೆಲಸದ ಹೊರೆ. ಎರಡು ಭಾಷೆ ಬಲ್ಲವರ ಮೇಜಿಗೆ ತಮ್ಮ ಪ್ರಕರಣಗಳ ಜೊತೆಗೆ ಸಹೋದ್ಯೋಗಿಗಳ ದೂರವಾಣಿ ಕರೆಗಳು, ಪತ್ರಗಳ ಅನುವಾದ, ಮುಂಬಾಗಿಲಲ್ಲಿ ನಿಂತವರ ವಿಚಾರಣೆ ಎಲ್ಲವೂ ಬಂದು ಬೀಳುತ್ತವೆ, ಮತ್ತು ಅವು ಯಾವ ಲೆಕ್ಕಕ್ಕೂ ಸೇರುವುದಿಲ್ಲ. ಅನೇಕ ಇಲಾಖೆಗಳು ದ್ವಿಭಾಷಾ ಭತ್ಯೆ ಕೊಡುತ್ತವೆ, ಆದರೆ ಕೇಳಿ ಪರೀಕ್ಷೆ ಬರೆದವರಿಗೆ ಮಾತ್ರ. ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮುನ್ನ ಭತ್ಯೆ ಎಷ್ಟು, ಸ್ಪ್ಯಾನಿಷ್ ಪ್ರಕರಣ ಒಂದಕ್ಕೆ ಹೆಚ್ಚಿನ ತೂಕವಿದೆಯೇ, ಅನುವಾದದ ಸಮಯವನ್ನು ದಾಖಲಿಸುವ ಕ್ರಮವಿದೆಯೇ, ನೀವು ರಜೆಯಲ್ಲಿದ್ದಾಗ ನಿಮ್ಮ ಜನರೊಂದಿಗೆ ಮಾತನಾಡುವವರು ಯಾರು ಎಂದು ಕೇಳಿ, ಉತ್ತರಗಳನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.