ಶೆಡ್ಡಿಗೆ ಬಾಟಲಿ ದೀಪ: ಬೆಳಕು ಸುಲಭ, ಸೋರದ ಹಾಗೆ ಕೂರಿಸೋದೇ ಕೆಲಸ

ತಗಡಿನ ಶೆಡ್ಡು. ಕಿಟಕಿ ಇಲ್ಲ, ಕರೆಂಟು ಎಳೆಸಿಲ್ಲ. ಹಾಡಹಗಲಲ್ಲಿ ಒಂದು ಸ್ಪ್ಯಾನರ್ ಹುಡುಕೋಕೂ ಮೊಬೈಲ್ ಟಾರ್ಚ್ ಬೇಕಾಗುತ್ತಿತ್ತು. ಅದಕ್ಕೇ ಚಾವಣಿಗೆ ನೀರು ತುಂಬಿದ ಪ್ಲಾಸ್ಟಿಕ್ ಬಾಟಲಿ ಕೂರಿಸಿದೆ. ಬಳಸಿ ಬಿಸಾಡೋ 2 ಲೀಟರ್ ಬಾಟಲಿ, ಅಷ್ಟೇ.

ಐಡಿಯಾ ನನ್ನದಲ್ಲ. ಬ್ರೆಜಿಲ್‌ನ ಉಬೆರಾಬಾ ಊರಿನ ಮೆಕ್ಯಾನಿಕ್ ಆಲ್ಫ್ರೆಡೊ ಮೋಸರ್ 2002ರಲ್ಲಿ ಮಾಡಿದ್ದು, ಆಗ ಅಲ್ಲಿ ಕರೆಂಟು ಪದೇಪದೇ ಹೋಗುತ್ತಿತ್ತಂತೆ. ಆಮೇಲೆ 2011ರ ಹೊತ್ತಿಗೆ ಫಿಲಿಪ್ಪೀನ್ಸ್‌ನಲ್ಲಿ 'ಲೀಟರ್ ಆಫ್ ಲೈಟ್' ಅನ್ನೋ ಹೆಸರಲ್ಲಿ ಮನೆಮನೆಗೆ ಹಬ್ಬಿತು. ಒಳ್ಳೆ ಬಿಸಿಲಿದ್ದರೆ ಒಂದು ಬಾಟಲಿ 40ರಿಂದ 60 ವ್ಯಾಟ್ ಬಲ್ಬಿನಷ್ಟು ಬೆಳಕು ಕೊಡುತ್ತದೆ ಅನ್ನೋದು ಮೋಸರ್ ಹೇಳಿದ ಲೆಕ್ಕ. ಮೋಡ ಕವಿದರೆ ಬೆಳಕು ಇಳಿಯುತ್ತದೆ, ರಾತ್ರಿಗಂತೂ ಏನೂ ಇಲ್ಲ.

ತಗಡಿಗೆ ಸುಮ್ನೆ ಒಂದು ತೂತು ಹೊಡೆದರೆ ಸಾಲದಾ ಅಂತ ಕೇಳಬಹುದು. ಸಾಲದು. ತೂತಿಂದ ಬಿಸಿಲು ನೇರ ಇಳಿದು ನೆಲದ ಮೇಲೆ ಒಂದು ದುಂಡನೆ ಕಲೆ ಬೀಳುತ್ತದೆ, ಮೂಲೆಗಳು ಕತ್ತಲಾಗೇ ಇರುತ್ತವೆ. ನೀರಿದ್ದರೆ ಬೆಳಕು ಬಾಗುತ್ತದೆ, ಬಾಟಲಿಯ ಒಳಗೋಡೆಗೆ ಬಡಿದು ಬಡಿದು ಕೆಳಗಿಳಿಯುತ್ತದೆ, ಕೊನೆಗೆ ಸುತ್ತಲೂ ಚೆದುರುತ್ತದೆ.

ಬಾಟಲಿ ನೆಟ್ಟಗೆ, ನುಣುಪಾಗಿ ಇರಲಿ. ನಡು ಸಣ್ಣ ಇರೋದು, ಜಾಸ್ತಿ ಗೆರೆ ಇರೋದು ಬೇಡ, ತಗಡು ಅದಕ್ಕೆ ಸರಿಯಾಗಿ ಕಚ್ಚಲ್ಲ. ಲೇಬಲ್ಲಿನ ಅಂಟು ಎಣ್ಣೆ ಸವರಿ ಉಜ್ಜಿದರೆ ಹೋಗುತ್ತದೆ, ಆಮೇಲೆ ಸೋಪು ಹಾಕಿ ತೊಳೆಯಲೇಬೇಕು. ಎಣ್ಣೆ ಪಸೆ ಉಳಿದರೆ ಸಂದು ಮುಚ್ಚೋ ಸಿಲಿಕಾನ್ ಅಂಟು ಹಿಡಿಯಲ್ಲ. ಶುದ್ಧ ನೀರು ತುಂಬಿ, ಎರಡು ಮುಚ್ಚಳ ಬ್ಲೀಚ್ ಹಾಕಬೇಕು, ಇಲ್ಲದಿದ್ದರೆ ಪಾಚಿ ಕಟ್ಟಿ ನೀರು ಹಸಿರಾಗುತ್ತದೆ. ಬ್ಲೀಚ್ ಅಂದ್ರೆ ಬರೀ ಬ್ಲೀಚ್. ಟಾಯ್ಲೆಟ್ ತೊಳೆಯೋ ಆಸಿಡ್ ಜೊತೆ ಸೇರಿದರೆ ವಿಷದ ಗಾಳಿ ಬರುತ್ತದೆ. ಇನ್ನೊಂದು, ತುಂಬಿಸಿದ ಬಾಟಲಿಯನ್ನು ಬಿಸಿಲಲ್ಲಿ ಒಣಹುಲ್ಲು, ಕಾಗದದ ಹತ್ತಿರ ಬಿಡಬೇಡಿ, ಅದು ಭೂತಗನ್ನಡಿ ಕೆಲಸ ಮಾಡಿ ಬೆಂಕಿ ಹೊತ್ತಿಸಬಹುದು.

ಇಲ್ಲಿವರೆಗೆ ಮಕ್ಕಳೂ ಮಾಡಬಹುದು. ನಿಜವಾದ ಕೆಲಸ ಇರೋದು ಮಳೆ ನೀರನ್ನು ಹೊರಗಿಡೋದರಲ್ಲಿ.

ಚಾವಣಿಯದೇ ನಮೂನೆಯ ಉಬ್ಬುತಗ್ಗಿರೋ ಹಳೆ ಶೀಟಿನ ಒಂದು ತುಂಡು ತಗೊಂಡೆ. ಬಾಟಲಿಯನ್ನು ಮೊದಲು ಇದಕ್ಕೆ ಕೂರಿಸಿ, ಆಮೇಲೆ ಇದನ್ನು ಚಾವಣಿಗೆ ಹೊಡೆಯೋದು. ಉಬ್ಬಿನ ಮೇಲೆ ಉಬ್ಬು, ತಗ್ಗಿನ ಮೇಲೆ ತಗ್ಗು ಕೂರಬೇಕು. ಚಪ್ಪಟೆ ತಗಡಾದರೆ ತಗ್ಗಿನಲ್ಲೆಲ್ಲ ಸಂದು ಉಳಿಯುತ್ತದೆ. ಬಾಟಲಿ ಇಟ್ಟು ಸುತ್ತ ಒಂದು ಗೆರೆ, ಅದರ ಒಳಗೆ ಒಂದು ಸೆಂಟಿಮೀಟರ್ ಬಿಟ್ಟು ಇನ್ನೊಂದು ಗೆರೆ. ಒಳಗಿನ ದುಂಡನ್ನು ಕತ್ತರಿಸಿ ತೆಗೆದು, ಅಂಚಿನಿಂದ ಹೊರಗಿನ ಗೆರೆವರೆಗೆ ತಗಡು ಕತ್ತರಿಯಿಂದ ಸೀಳಿ, ಆ ಚೂರುಗಳನ್ನು ಹೂವಿನ ಎಸಳಿನ ಹಾಗೆ ಮೇಲಕ್ಕೆ ಬಗ್ಗಿಸಿದೆ. ಕೈಗೆ ದಪ್ಪ ಗ್ಲೌಸ್ ಇರಲಿ, ಕತ್ತರಿಸಿದ ತಗಡು ಬ್ಲೇಡಿನ ಹಾಗೆ ಕೊಯ್ಯುತ್ತದೆ. ಎಸಳು ತಾಗೋ ಜಾಗದಲ್ಲಿ ಬಾಟಲಿಯನ್ನು ಸ್ಯಾಂಡ್ ಪೇಪರಿನಿಂದ ಸ್ವಲ್ಪ ತರಿ ಮಾಡಿ, ಮುಚ್ಚಳ ಮೇಲಿರೋ ಹಾಗೆ ತೂರಿಸಿದೆ. ಮೂರರಲ್ಲಿ ಒಂದು ಪಾಲು ಚಾವಣಿ ಮೇಲೆ, ಉಳಿದದ್ದು ಕೆಳಗೆ. ಎಸಳಿನ ಸುತ್ತ ಒಳಗೂ ಹೊರಗೂ ಸಿಲಿಕಾನ್ ತುಂಬಿ, ಪೂರ್ತಿ ಒಣಗೋವರೆಗೆ ಅಲುಗಾಡಿಸಲಿಲ್ಲ.

ಸಿಲಿಕಾನ್ ವಿಷಯದಲ್ಲಿ ಒಂದು ಮಾತು. ವಿನೆಗರ್ ವಾಸನೆ ಬರೋದು ಸತು ಲೇಪದ ತಗಡನ್ನು ತಿನ್ನುತ್ತದೆ. ಟ್ಯೂಬಿನ ಮೇಲೆ 'ನ್ಯೂಟ್ರಲ್' ಅಂತ ಬರೆದಿರೋದೇ ತಗೊಳ್ಳಿ. ಗಟ್ಟಿಯಾಗೋ ಎಪಾಕ್ಸಿ ಅಂಟು ಸುತರಾಂ ಬೇಡ. ಬಿಸಿಲಿಗೆ ತಗಡು ಹಿಗ್ಗೋದೇ ಬೇರೆ, ಪ್ಲಾಸ್ಟಿಕ್ ಹಿಗ್ಗೋದೇ ಬೇರೆ, ನಡುವೆ ರಬ್ಬರಿನಂಥದ್ದು ಇಲ್ಲದಿದ್ದರೆ ಬಿರುಕು ಬಿಡುತ್ತದೆ ಅಲ್ವಾ?

ಜಾಗ ಚಾವಣಿಯ ನೆತ್ತಿಯ ಹತ್ತಿರವೇ ಆರಿಸಿದೆ. ಅಲ್ಲಿ ಹರಿಯೋ ನೀರು ಕಡಿಮೆ, ಜೊತೆಗೆ ತುಂಡು ಶೀಟಿನ ಮೇಲಂಚನ್ನು ನೆತ್ತಿಗೆ ಮುಚ್ಚಿರೋ ರಿಡ್ಜ್ ಶೀಟಿನ ಕೆಳಗೆ ತೂರಿಸಬಹುದು. ಆಗ ಮೇಲಿಂದ ಬರೋ ನೀರು ತುಂಡಿನ ಮೇಲೇ ಹರಿದು ಹೋಗುತ್ತದೆ, ಸಿಲಿಕಾನನ್ನೇ ನಂಬಿ ಕೂರಬೇಕಿಲ್ಲ. ಚಾವಣಿಯ ತೂತು ಬಾಟಲಿಗಿಂತ ಚೂರು ದೊಡ್ಡದು. ತುಂಡಿನ ಅಡಿಗೆ ಸಿಲಿಕಾನ್ ಎಳೆದು ರಿವೆಟ್ ಹೊಡೆದೆ, ರಿವೆಟ್ ತಲೆಗೂ ಒಂದೊಂದು ಚುಕ್ಕೆ ಸಿಲಿಕಾನ್. ಚಾವಣಿ ಹತ್ತಿದಾಗ ಸ್ಕ್ರೂ ಸಾಲಿನ ಮೇಲೇ ಕಾಲಿಡಿ, ಅದರ ಕೆಳಗೆ ಶೀಟು ಹೊರೋ ಪಟ್ಟಿ ಇರುತ್ತದೆ. ನಿಮ್ಮದು ಹಳೆ ಕಲ್ನಾರಿನ ಶೀಟಾದರೆ ಈ ಸಹವಾಸವೇ ಬೇಡ, ಕೊರೆದಾಗ ಏಳೋ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಮುಚ್ಚಳ ಬಿಸಿಲಿಗೆ ಒಣಗಿ ಸೀಳುತ್ತದೆ. ಮೋಸರ್ ಅದಕ್ಕೆ ಹಳೆ ಫಿಲ್ಮ್ ರೋಲಿನ ಡಬ್ಬಿ ಹೊದಿಸುತ್ತಿದ್ದರು, ನಾನು ಸೈಕಲ್ ಟ್ಯೂಬಿನ ತುಂಡು ಬಿಗಿಯಾಗಿ ತೊಡಿಸಿ ಮೇಲೆ ಸಿಲಿಕಾನ್ ಬಳಿದಿದ್ದೇನೆ. ಬಾಟಲಿ ವರ್ಷಗಳಲ್ಲಿ ಮಂಕಾಗುತ್ತದೆ. ಆಗ ಶೀಟು ಬಿಚ್ಚೋದು ಬೇಕಿಲ್ಲ, ಎಸಳಿನ ಸುತ್ತ ಬ್ಲೇಡು ಆಡಿಸಿ ಹಳೇದನ್ನು ಎಳೆದು, ಹಳೆ ಸಿಲಿಕಾನ್ ಕೆರೆದು, ಅದೇ ಅಳತೆಯ ಇನ್ನೊಂದನ್ನು ಕೂರಿಸಿದರಾಯಿತು. ಅದಕ್ಕೇ ಅದೇ ನಮೂನೆಯ ಒಂದೆರಡು ಬಾಟಲಿ ಶೆಡ್ಡಲ್ಲೇ ಎತ್ತಿಟ್ಟಿದ್ದೇನೆ.