ಹಲಸಿನ ಮೇಣ ಮತ್ತು ಮಾತು ಬಿಟ್ಟ ಅಣ್ಣತಮ್ಮಂದಿರು

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಆಸುಪಾಸಿನವರಿಗೆ ಸುರಂಗದ ನೀರು ಹೊಸತಲ್ಲ. ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆಯುತ್ತ ಹೋದರೆ ಒಳಗೆಲ್ಲೋ ಒರತೆ ಸಿಗುತ್ತದೆ. ಪಂಪು ಬೇಡ, ನೀರು ತಾನಾಗಿ ಹರಿದುಬಂದು ಅಡಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ತೊಟ್ಟಿಗೆ ಬೀಳುತ್ತದೆ. ಗದ್ದೆ, ತೋಟ, ಪಾತ್ರೆಪಗಡಿ ಎಲ್ಲವನ್ನೂ ಪಾಲು ಮಾಡಬಹುದು, ಬೇಸಿಗೆಯಲ್ಲಿ ನೂಲಿನಷ್ಟಾಗುವ ಈ ನೀರನ್ನು ಪಾಲು ಮಾಡುವುದು ಹೇಗೆ? ನನ್ನ ಹಾಸ್ಯ ಕಿರುಚಿತ್ರದ ಕಥೆ ಅಷ್ಟೇ. ನಡುವೆ ಗೋಡೆ ಎದ್ದ ಒಂದು ಮನೆ, ಮಾತು ಬಿಟ್ಟ ಅಣ್ಣತಮ್ಮಂದಿರು, ಇಬ್ಬರಿಗೂ ಒಂದೇ ಸುರಂಗ. ರಾತ್ರಿ ಒಬ್ಬ ದಂಬೆ ತಿರುಗಿಸುತ್ತಾನೆ, ಬೆಳಗಿನ ಜಾವ ಇನ್ನೊಬ್ಬ. ಅಣ್ಣನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ಮಾತ್ರ ಎಲ್ಲರೂ ಒಂದೇ ಸಂಸಾರದವರಾಗಿ ಕಾಣಿಸಿಕೊಳ್ಳಬೇಕು.

ಇಂಥ ಕಥೆಯಲ್ಲಿ ಯಾರೂ ನಗಿಸಲು ಹೊರಡಬಾರದು. 2016ರಲ್ಲಿ ತೆರೆಕಂಡ ‘ತಿಥಿ’ ನನಗೆ ಇದನ್ನು ಮನದಟ್ಟು ಮಾಡಿತು. ಮಂಡ್ಯ ಕಡೆಯ ಹಳ್ಳಿಗರೇ ನಟಿಸಿದ ಆ ಚಿತ್ರದಲ್ಲಿ, ಬದುಕಿರುವ ಅಪ್ಪನನ್ನು ಸತ್ತನೆಂದು ತೋರಿಸಿ ಜಮೀನು ಮಾರಲು ಹೊರಟ ಮಗನಿಗೆ ಅದು ನಿಜವಾದ ತುರ್ತು. ಹಾಗಾಗಿ ನಾನು ಸಂಭಾಷಣೆಯ ಬದಲು ಪ್ರತಿ ಪಾತ್ರದ ನ್ಯಾಯವನ್ನು ಬರೆದುಕೊಂಡೆ. ಸುರಂಗ ಕೊರೆಸಲು ಹೆಂಡತಿಯ ಬಳೆ ಅಡವಿಟ್ಟವನು ಅಣ್ಣ. ಉಸಿರುಗಟ್ಟುವ ಕತ್ತಲೆಯಿಂದ ಮಣ್ಣು ಹೊತ್ತು ತಂದವನು ತಮ್ಮ. ಇಬ್ಬರ ಮಾತೂ ಸರಿಯೇ.

ನಟರನ್ನು ಹುಡುಕಿದ್ದು ತಾಳಮದ್ದಳೆಯಲ್ಲಿ, ಅಂದರೆ ವೇಷ, ಕುಣಿತಗಳಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ. ಯಕ್ಷಗಾನ ಕವಿ ಪಾರ್ತಿಸುಬ್ಬ ಹುಟ್ಟಿದ ಕುಂಬಳೆ ಸೀಮೆಯಲ್ಲಿ ಅರ್ಥಧಾರಿಗಳಿಗೆ ಬರವೇ? ಭಾಗವತರ ಪದ್ಯ ಮುಗಿದೊಡನೆ, ಬಾಯಿಪಾಠವಿಲ್ಲದೆ, ಎದುರಿನವರ ಮಾತಿಗೆ ಮಾತು ಕೊಡುವವರು ಅವರು. ಪಾತ್ರದ ಪಕ್ಷ ತಿಳಿದರೆ ಸಾಕು, ಉಳಿದದ್ದನ್ನು ಅವರೇ ವಾದಿಸುತ್ತಾರೆ. ಕಷ್ಟವಿದ್ದದ್ದು ಕಂಠದಲ್ಲಿ. ಸಭೆಯ ಕೊನೆಯ ಸಾಲಿಗೆ ಮುಟ್ಟಿಸಿ ರೂಢಿಯಾದ ದನಿಯನ್ನು ತಗ್ಗಿಸಿ ಎಂದರೆ ಮಾತಿನ ಕಳೆಯೇ ಹೋಗುತ್ತಿತ್ತು. ಕೈಗೆ ಕೆಲಸ ಕೊಟ್ಟೆ. ಹಪ್ಪಳದ ಕಾಲ, ಇಡೀ ಕುಟುಂಬವನ್ನು ಚಾವಡಿಯಲ್ಲಿ ಹಲಸಿನ ಸೊಳೆ ಬಿಡಿಸಲು ಕೂರಿಸಿದೆ. ದನಿ ತಾನಾಗಿ ಇಳಿಯಿತು.

ನಡುವೆ ಅಮ್ಮ. “ಅಮ್ಮಾ, ದಂಬೆ ಮುಟ್ಟಿದವರಿಗೆ ಹೇಳು, ನಿನ್ನೆಯೂ ನಮಗೆ ನೀರಿಲ್ಲ” ಎಂದು ಒಬ್ಬ. “ಕೇಳಿತು ಎಂದು ಹೇಳಮ್ಮ” ಎಂದು ಇನ್ನೊಬ್ಬ. ಎಣ್ಣೆ ಹಚ್ಚಿಕೊಂಡಿದ್ದರೂ ಎಲ್ಲರ ಕೈಯೂ ಮೇಣಮಯ. ಸಿಟ್ಟು ನೆತ್ತಿಗೇರಿದರೂ ಥಟ್ಟನೆ ಎದ್ದುಹೋಗುವಂತಿಲ್ಲ. ಅಷ್ಟರಲ್ಲಿ ನೆಲದ ಮೇಲಿನ ಮೊಬೈಲ್ ಬಡಿದುಕೊಳ್ಳುತ್ತದೆ. ಗಂಡಿನ ಮನೆಯವರ ಕರೆ, ಮುಟ್ಟುವಂತಿಲ್ಲ. ಅಣ್ಣ ಬಗ್ಗಿ ಮೊಣಕೈಯಿಂದ ಒತ್ತಲು ನೋಡುತ್ತಾನೆ, ಎಟಕುವುದಿಲ್ಲ. ತಮ್ಮ ಬೇರೆ ಕಡೆ ನೋಡುತ್ತಲೇ ಕಾಲಿನಿಂದ ಅದನ್ನು ಅಣ್ಣನತ್ತ ಸರಿಸುತ್ತಾನೆ. ಆ ಕಾಲು ಕಲಾವಿದರ ಸ್ವಂತ ಕಲ್ಪನೆ, ನಾನು ಹೇಳಿಕೊಟ್ಟದ್ದಲ್ಲ. ಇಷ್ಟು ಹೊತ್ತೂ ಕ್ಯಾಮೆರಾವನ್ನು ಕದಲಿಸಲಿಲ್ಲ. ಒಂದೊಂದೇ ಮುಖದ ಹತ್ತಿರ ಹೋದರೆ ಯಾರು ಯಾರನ್ನು ನೋಡುತ್ತಿಲ್ಲ ಎಂಬುದೇ ಕಾಣುವುದಿಲ್ಲ.

ಸಂಕಲನದಲ್ಲಿ ಹೆಚ್ಚೇನೂ ಮಾಡಲಿಲ್ಲ. ಮಾತು ಮುಗಿದ ಮೇಲಿನ ಮೌನವನ್ನು ಕತ್ತರಿಸದೆ ಉಳಿಸಿಕೊಂಡೆ.

1956ರಲ್ಲಿ ಕೇರಳಕ್ಕೆ ಸೇರಿದ ನಮ್ಮೂರಲ್ಲಿ ಮನೆಯೊಳಗೆ ಕನ್ನಡ, ತೋಟದಲ್ಲಿ ತುಳು, ಕಚೇರಿಯಲ್ಲಿ ಮಲಯಾಳಂ. ಗಂಡಿನ ಕಡೆಯವರ ಎದುರು ತಮ್ಮನನ್ನು ನೇರವಾಗಿ ಮಾತಾಡಿಸಲೇಬೇಕಾಗಿ ಬಂದಾಗ ಅಣ್ಣ ತುಸು ತಡವರಿಸಿ, ಗ್ರಾಮ ಕಚೇರಿಯ ಕಿಟಕಿಯ ಮುಂದೆ ನಿಂತವನಂತೆ, ಮಲಯಾಳಂನಲ್ಲಿ ಶುರುಮಾಡುತ್ತಾನೆ. ಒಡಹುಟ್ಟಿದವನನ್ನು ಪರಕೀಯನಾಗಿಸಲು ಇದಕ್ಕಿಂತ ಬಿರುಸಾದ ದಾರಿ ನನಗೆ ಹೊಳೆಯಲಿಲ್ಲ. ಊರಿನವರು ಹೊಟ್ಟೆ ಹಿಡಿದುಕೊಂಡು ನಕ್ಕದ್ದು ಅಲ್ಲೇ. ಮಂಗಳೂರಿನಲ್ಲಿ ತೋರಿಸಿದಾಗ ಆ ಮಾತಿಗೆ ಕನ್ನಡ ಅಡಿಬರಹ ಹಾಕಬೇಕೆಂದು ಕೆಲವರು ಕೇಳಿದರು. ಹಾಕಲಿಲ್ಲ. ಆ ಗಳಿಗೆಯಲ್ಲಿ ಕಣ್ಣು ತೆರೆಯ ಕೆಳಗಿಳಿದರೆ ತಮ್ಮನ ಮುಖ ತಪ್ಪಿಹೋಗುತ್ತದೆ.